ಸಿಗ್ ಪಿ320: ಬಿದ್ದಾಗ ಸಿಡಿಯುವ ದೋಷವನ್ನು ಪತ್ತೆ ಮಾಡುವುದು, ಕಂಪನಿಗೆ ಕಳಿಸಿ ಸರಿಪಡಿಸಿಕೊಳ್ಳುವುದು

ಯಂತ್ರ ಕೆಡುವ ಮುಂಚೆ ಏನಾದರೊಂದು ಸೂಚನೆ ಕೊಡುತ್ತದೆ ಅನ್ನುವುದು ನಮ್ಮೆಲ್ಲರ ಅನುಭವ. ಸದ್ದು ಬದಲಾಗುತ್ತದೆ, ಬಿಗಿ ಹಿಡಿಯುತ್ತದೆ, ಒಮ್ಮೆ ನಡೆದು ಒಮ್ಮೆ ನಿಲ್ಲುತ್ತದೆ. ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ಹಳೆಯ ತಯಾರಿಕೆಯಲ್ಲಿರುವ ದೋಷ ಅಂಥ ಯಾವ ಸೂಚನೆಯನ್ನೂ ಕೊಡುವುದಿಲ್ಲ. ಗುರಿ ಸರಿಯಿರುತ್ತದೆ, ಟ್ರಿಗರ್ ಹದವಾಗಿರುತ್ತದೆ, ಹಾರಿದ ಗುಂಡಿನ ಖಾಲಿ ಕೋಶ ಸಲೀಸಾಗಿ ಹೊರಬೀಳುತ್ತದೆ. ವರ್ಷಗಟ್ಟಲೆ ತೊಂದರೆ ಕೊಡದ ಪಿಸ್ತೂಲು ಒಂದು ದಿನ ಕೈಜಾರಿ, ಹಿಂಭಾಗ ಕೆಳಗಾಗಿ, ವಾರೆಯಾಗಿ ಗಟ್ಟಿ ನೆಲಕ್ಕೆ ಬಿದ್ದರೆ, ಯಾರೂ ಟ್ರಿಗರ್ ಮುಟ್ಟದೆ ಸಿಡಿಯಬಹುದು. ಹಾಗಾಗಿ ಪಿಸ್ತೂಲು ಹೇಗೆ ನಡೆಯುತ್ತಿದೆ ಎಂದು ನೋಡಿ ಈ ದೋಷವನ್ನು ಹಿಡಿಯಲು ಆಗುವುದಿಲ್ಲ. ಅದು ಯಾವಾಗಿನದು, ಒಳಗೆ ಯಾವ ಭಾಗಗಳಿವೆ ಎಂದು ಗುರುತಿಸಿಯೇ ಹಿಡಿಯಬೇಕು. "ನನ್ನದು ಚೆನ್ನಾಗಿಯೇ ನಡೀತಿದೆಯಲ್ಲ" ಎಂದು ಹೇಳಿ ಸುಮ್ಮನಾಗುವವರನ್ನು ಕಂಡರೆ ನನಗೆ ನಿಜವಾಗಿಯೂ ಭಯವಾಗುತ್ತದೆ.

ಪಿ320 ಮಾರುಕಟ್ಟೆಗೆ ಬಂದಿದ್ದು 2014ರಲ್ಲಿ. ಅಮೆರಿಕದ ಹಲವು ಪೊಲೀಸ್ ಇಲಾಖೆಗಳು ಅದನ್ನು ಕೊಂಡವು. 2017ರ ಜನವರಿಯಲ್ಲಿ ಅಲ್ಲಿನ ಸೇನೆ ಹಳೆಯ ಬೆರೆಟಾ ಎಂ9 ಬದಲಿಗೆ ಇದರದ್ದೇ ರೂಪವನ್ನು ಆರಿಸಿಕೊಂಡು ಎಂ17, ಎಂ18 ಎಂದು ಹೆಸರಿಟ್ಟಿತು. ಅದೇ ವರ್ಷದ ಆಗಸ್ಟ್ ಹೊತ್ತಿಗೆ ವಿಷಯ ಬಯಲಿಗೆ ಬಂತು. ಡಲ್ಲಾಸ್ ಪೊಲೀಸ್ ಇಲಾಖೆ ತನ್ನ ಸಿಬ್ಬಂದಿ ಈ ಪಿಸ್ತೂಲು ಬಳಸುವುದನ್ನು ನಿಲ್ಲಿಸಿತು. ಕನೆಕ್ಟಿಕಟ್‌ನ ಸ್ಟ್ಯಾಮ್‌ಫರ್ಡ್‌ನಲ್ಲಿ ಹೋಲ್‌ಸ್ಟರ್ (ಪಿಸ್ತೂಲು ಇಟ್ಟುಕೊಳ್ಳುವ ಒರೆ) ಸಮೇತ ಕೆಳಗೆ ಬಿದ್ದ ಪಿಸ್ತೂಲು ಸಿಡಿದು ಮೊಣಕಾಲಿಗೆ ಗಾಯವಾಯಿತೆಂದು ಪೊಲೀಸ್ ಅಧಿಕಾರಿಯೊಬ್ಬರು ಮೊಕದ್ದಮೆ ಹೂಡಿದರು. ಖಾಸಗಿ ಪರೀಕ್ಷಕರು ಪಿಸ್ತೂಲು ಬೀಳಿಸಿ ಸಿಡಿಯುವುದನ್ನು ವಿಡಿಯೊ ಮಾಡಿ ತೋರಿಸಿದರು. ಆಗಸ್ಟ್ 8ರಂದು ಕಂಪನಿ "ಸ್ವಯಂಪ್ರೇರಿತ ಅಪ್‌ಗ್ರೇಡ್" ಪ್ರಕಟಿಸಿತು: ಪಿಸ್ತೂಲು ಕಳಿಸಿ, ಖರ್ಚಿಲ್ಲದೆ ಭಾಗಗಳನ್ನು ಬದಲಿಸಿ ವಾಪಸ್ ಕಳಿಸುತ್ತೇವೆ ಎಂದು.

ಕಂಪನಿ ತಾನಾಗಿ ಕರೆಯುವವರೆಗೆ ಸರ್ಕಾರ ಯಾಕೆ ಸುಮ್ಮನಿತ್ತು ಎಂದು ಕೇಳುವವರಿದ್ದಾರೆ. ಅಮೆರಿಕದಲ್ಲಿ ಟೋಸ್ಟರ್ ಕೆಟ್ಟರೂ ಮಗುವಿನ ತೊಟ್ಟಿಲು ಕೆಟ್ಟರೂ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗ ಅವನ್ನು ವಾಪಸ್ ಕರೆಸಬಲ್ಲದು. ಬಂದೂಕು, ಪಿಸ್ತೂಲುಗಳನ್ನು ಮಾತ್ರ 1972ರ ಕಾಯ್ದೆಯೇ ಆ ಆಯೋಗದ ಕೈಯಿಂದ ಹೊರಗಿಟ್ಟಿದೆ. ಕಾರಿನ ವಿಷಯದಲ್ಲಾದರೆ ಮನೆಗೆ ನೋಟಿಸು ಬರುತ್ತದೆ. ಇಲ್ಲಿ ಮಾಲೀಕನೇ ಎಚ್ಚೆತ್ತುಕೊಳ್ಳಬೇಕು. ಅದಕ್ಕೇ ಇಷ್ಟು ವರ್ಷ ಕಳೆದ ಮೇಲೂ ಈ ಬರಹ ಬೇಕು ಅನಿಸಿತು. ಕರೆ ಕೊಟ್ಟ ಸುದ್ದಿ ತಲುಪದೆ ಕಪಾಟಿನಲ್ಲಿ ಕೂತಿರುವ, ಒಬ್ಬರಿಂದ ಇನ್ನೊಬ್ಬರಿಗೆ ಮಾರಾಟವಾಗಿ ಓಡಾಡುತ್ತಿರುವ ಹಳೆಯ ಪಿಸ್ತೂಲುಗಳು ಇನ್ನೂ ಸಿಗುತ್ತವೆ.

ಮೊದಲು ಖಾಲಿ ಮಾಡಿ

ನಿಮ್ಮದು ಹಳೆಯದೋ ಹೊಸದೋ ಗೊತ್ತಿಲ್ಲವೆಂದರೆ, ಗೊತ್ತಾಗುವವರೆಗೆ ಅದನ್ನು ಹಳೆಯದೆಂದೇ ತಿಳಿಯಿರಿ. ಸೊಂಟಕ್ಕೆ ಕಟ್ಟಬೇಡಿ, ಮಂಚದ ಪಕ್ಕದ ಡ್ರಾಯರ್‌ನಲ್ಲಿ ತುಂಬಿಸಿ ಇಡಬೇಡಿ. ಸುರಕ್ಷಿತ ದಿಕ್ಕಿಗೆ ನಳಿಕೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟು, ಮೊದಲು ಮ್ಯಾಗಜೀನ್, ಅಂದರೆ ಗುಂಡುಗಳ ಡಬ್ಬಿ, ತೆಗೆಯಿರಿ. ಆಮೇಲೆ ಸ್ಲೈಡ್ (ಹಿಂದೆಮುಂದೆ ಸರಿಯುವ ಮೇಲ್ಭಾಗ) ಹಿಂದಕ್ಕೆಳೆದು ಚೇಂಬರ್‌ನಲ್ಲಿದ್ದ (ನಳಿಕೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗ) ಗುಂಡನ್ನು ಹೊರಹಾಕಿ, ಸ್ಲೈಡನ್ನು ಹಿಂದೆಯೇ ನಿಲ್ಲಿಸಿ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿಯೂ ನೋಡಿ. ಈ ಕ್ರಮ ತಿರುಗುಮುರುಗಾಗಬಾರದು. ಮ್ಯಾಗಜೀನ್ ಒಳಗಿರುವಾಗಲೇ ಸ್ಲೈಡ್ ಎಳೆದುಬಿಟ್ಟರೆ ಹೊರಬಿದ್ದ ಗುಂಡಿನ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಮುಂದಿನ ಎಲ್ಲ ಪರೀಕ್ಷೆಗಳೂ ಖಾಲಿ ಪಿಸ್ತೂಲಿನ ಮೇಲೆ, ಗುಂಡೇ ಇಲ್ಲದ ಕೋಣೆಯಲ್ಲಿ ನಡೆಯಬೇಕು.

ದೋಷ ಎಲ್ಲಿದೆ

ಪಿ320ರಲ್ಲಿ ಹೊರಗೆ ಕಾಣುವ ಹ್ಯಾಮರ್, ಅಂದರೆ ಬಡಿಯುವ ಸುತ್ತಿಗೆ, ಇಲ್ಲ. ಸ್ಲೈಡ್ ಒಳಗೆ ಗುಂಡಿಗೆ ಬಡಿದು ಸಿಡಿಸುವ ಸ್ಟ್ರೈಕರ್ ಎಂಬ ಮೊಳೆಯಂಥ ಭಾಗವಿದೆ, ಅದರ ಹಿಂದೆ ಸ್ಪ್ರಿಂಗ್. ಸ್ಲೈಡ್ ಹಿಂದೆ ಹೋಗಿ ಮುಂದೆ ಬಂದಾಗ ಸ್ಟ್ರೈಕರ್‌ನ ಕಾಲು ಸಿಯರ್ ಎಂಬ ತಡೆಗೆ ಸಿಕ್ಕಿ ನಿಲ್ಲುತ್ತದೆ, ಸ್ಪ್ರಿಂಗ್ ಬಿಗಿಯಾಗಿ ಕಾಯುತ್ತಿರುತ್ತದೆ. ಸಿಯರ್ ಅಕಸ್ಮಾತ್ ಜಾರಿದರೂ ಸ್ಟ್ರೈಕರ್ ಮುಂದೆ ನುಗ್ಗಬಾರದೆಂದು ಸ್ಲೈಡ್ ಒಳಗೆ ಇನ್ನೊಂದು ಬೀಗವೂ ಇದೆ. ಓದಿದರೆ ಎರಡು ತಡೆಗಳಿವೆಯಲ್ಲ, ಸಾಕು ಅನಿಸುತ್ತದೆ. ತೊಂದರೆ ಏನೆಂದರೆ ಆ ಎರಡನ್ನೂ ಬಿಡಿಸುವುದು ಒಂದೇ ಚಲನೆ, ಟ್ರಿಗರ್ ಹಿಂದೆ ಹೋಗುವುದು. ಟ್ರಿಗರ್ ಹಿಂದೆ ಹೋದರೆ ಬೀಗ ಎತ್ತಿಕೊಳ್ಳುತ್ತದೆ, ಸಿಯರ್ ಬಿಡುತ್ತದೆ. ಎಳೆದದ್ದು ಬೆರಳೋ ಬೇರೇನೋ ಎಂಬುದು ಆ ಭಾಗಗಳಿಗೆ ಗೊತ್ತಿಲ್ಲ.

ಈಗ ಪಿಸ್ತೂಲು ಹಿಂಭಾಗ ಕೆಳಗಾಗಿ ಬೀಳುತ್ತಿದೆ ಅಂದುಕೊಳ್ಳಿ. ನೆಲ ಮುಟ್ಟಿದ ಕ್ಷಣ ಸ್ಲೈಡ್, ಚೌಕಟ್ಟು ಎಲ್ಲ ಗಕ್ಕನೆ ನಿಲ್ಲುತ್ತವೆ. ಟ್ರಿಗರ್ ಮಾತ್ರ ತನ್ನ ಕೀಲಿನ ಮೇಲೆ ಓಲಾಡಬಲ್ಲ ಭಾಗ. ಡ್ರೈವರ್ ಬ್ರೇಕ್ ಹಾಕಿದಾಗ ಬಸ್ಸಿನಲ್ಲಿ ನಿಂತವರು ಮುಂದಕ್ಕೆ ಮುಗ್ಗರಿಸುವ ಹಾಗೆ, ಟ್ರಿಗರ್ ಬೀಳುತ್ತಿದ್ದ ದಿಕ್ಕಿಗೇ ಇನ್ನಷ್ಟು ಹೋಗಲು ನೋಡುತ್ತದೆ. ಪಿಸ್ತೂಲಿನ ಲೆಕ್ಕದಲ್ಲಿ ಆ ದಿಕ್ಕೆಂದರೆ ಹಿಂದಕ್ಕೆ, ಅಂದರೆ ಬೆರಳು ಎಳೆಯುವ ದಿಕ್ಕಿಗೆ. ಹಳೆಯ ಟ್ರಿಗರ್ ದಪ್ಪ ಲೋಹದ್ದು. ಅದರ ತೂಕಕ್ಕೆ ಅದರ ಹಿಂದಿನ ಸ್ಪ್ರಿಂಗನ್ನು ಮೀರಿಸುವಷ್ಟು ಬಲ ಬರುತ್ತಿತ್ತು. ಉಳಿದದ್ದೆಲ್ಲ ವಿನ್ಯಾಸದಲ್ಲಿದ್ದಂತೆಯೇ ನಡೆಯುತ್ತಿತ್ತು: ಬೀಗ ತೆರೆಯಿತು, ಸಿಯರ್ ಬಿಟ್ಟಿತು, ಗುಂಡು ಹಾರಿತು.

ಗ್ಲಾಕ್ ಪಿಸ್ತೂಲು ನೋಡಿದವರಿಗೆ ಟ್ರಿಗರ್ ಮುಖದ ನಡುವೆ ಇರುವ ಪುಟ್ಟ ಅಲಗು ನೆನಪಿರಬಹುದು. ಬೆರಳು ಆ ಅಲಗನ್ನು ಒತ್ತದಿದ್ದರೆ ಟ್ರಿಗರ್ ಹಿಂದೆ ಹೋಗದು. ತೂಕದ ಓಲಾಟಕ್ಕೆ ಟ್ರಿಗರ್ ಎಳೆದುಕೊಳ್ಳದಿರಲಿ ಎಂಬುದೂ ಅದರ ಕೆಲಸ. ಪಿ320ರ ಟ್ರಿಗರ್‌ನಲ್ಲಿ ಅದಿಲ್ಲ. ಅಲಗಿಲ್ಲದೆಯೂ ಸುರಕ್ಷಿತವಾಗಿ ಮಾಡಬಹುದು, ಆದರೆ ಆಗ ಟ್ರಿಗರ್ ಹಗುರವಾಗಿರಲೇಬೇಕು.

ಕಾರಣ ಇದೇ ಎಂಬುದಕ್ಕೆ ಸೇನೆಯ ದಾಖಲೆಯೇ ಸಾಕ್ಷಿ. ರಕ್ಷಣಾ ಇಲಾಖೆಯ ಪರೀಕ್ಷಾ ವಿಭಾಗ 2018ರ ಜನವರಿಯಲ್ಲಿ ಹೊರತಂದ ವಾರ್ಷಿಕ ವರದಿಯಲ್ಲಿ, ಎಂ17ರ ಪರೀಕ್ಷೆಯ ವೇಳೆ ಪಿಸ್ತೂಲು ಬಿದ್ದಾಗ ಸಿಡಿದದ್ದು ಕಂಡುಬಂತು, ಟ್ರಿಗರ್ ಗುಂಪಿಗೆ ಹಗುರ ಭಾಗಗಳನ್ನು ಹಾಕುವಂತೆ ಸೇನೆ ಕಂಪನಿಗೆ ಹೇಳಿತು ಎಂದಿದೆ. ನಾಗರಿಕರಿಗೆ ಕೊಟ್ಟ ಅಪ್‌ಗ್ರೇಡ್ ಕೂಡ ಅದೇ ದಾರಿಯದು. ಟ್ರಿಗರ್, ಸಿಯರ್, ಸ್ಟ್ರೈಕರ್ ಮೂರೂ ಹಗುರವಾದವು. ಜೊತೆಗೆ ಯಾಂತ್ರಿಕ ಡಿಸ್ಕನೆಕ್ಟರ್ ಎಂಬ ಹೊಸ ಭಾಗ ಸೇರಿತು. ಸ್ಲೈಡ್ ಪೂರ್ತಿ ಮುಂದೆ ಬಂದು ಕೂರದಿದ್ದರೆ ಪಿಸ್ತೂಲು ಸಿಡಿಯದಂತೆ ತಡೆಯುವುದು ಅದರ ಕೆಲಸ.

ಕಾರ್ಖಾನೆಯ ಪರೀಕ್ಷೆಗೆ ಯಾಕೆ ಸಿಗಲಿಲ್ಲ

ಪಿ320 ಪರೀಕ್ಷೆಗಳಲ್ಲಿ ಪಾಸಾಗಿತ್ತು ಎಂದು ಕಂಪನಿ ಹೇಳಿದ್ದು ಸುಳ್ಳಲ್ಲ. ಅಮೆರಿಕದ ತಯಾರಕರ ಸಂಸ್ಥೆಯಾದ ಸಾಮಿಯ ಮಾನದಂಡದಲ್ಲಿ ಪಿಸ್ತೂಲನ್ನು 4 ಅಡಿ ಎತ್ತರದಿಂದ ರಬ್ಬರ್ ಹಾಸಿನ ಮೇಲೆ ಬೀಳಿಸುತ್ತಾರೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ 1 ಮೀಟರ್ 1 ಸೆಂಟಿಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ, ಆರು ಭಂಗಿಗಳಲ್ಲಿ. ಮೂತಿ ಕೆಳಗೆ, ಹಿಡಿ ಕೆಳಗೆ, ತಲೆಕೆಳಗು, ಪಕ್ಕಕ್ಕೆ, ಹೀಗೆ ಎಲ್ಲವೂ ನೇರ ಭಂಗಿಗಳು. ಪಿ320 ಸಿಡಿದದ್ದು ಸ್ಲೈಡ್‌ನ ಹಿಂತುದಿ ಸುಮಾರು 30 ಡಿಗ್ರಿ ವಾರೆಯಾಗಿ ನೆಲಕ್ಕೆ ಬಡಿದಾಗ. ಆ ವಾರೆ ಯಾವ ಪಟ್ಟಿಯಲ್ಲೂ ಇರಲಿಲ್ಲ. ಕೈಯಿಂದ ಜಾರುವ ಪಿಸ್ತೂಲು ಪಟ್ಟಿ ನೋಡಿಕೊಂಡು ಬೀಳುವುದಿಲ್ಲ, ವಾರೆಯಾಗಿಯೇ ಬೀಳುತ್ತದೆ. "ಎಲ್ಲ ಟೆಸ್ಟ್ ಪಾಸಾಗಿದೆ" ಎಂಬ ಮಾತನ್ನು ಅಂಗಡಿಯಲ್ಲಿ ಕೇಳಿದಾಗ ಯಾವ ಟೆಸ್ಟ್, ಯಾವ ಕೋನ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಿಮ್ಮದು ಹಳೆಯದೋ ಹೊಸದೋ

ಮೊದಲು ಸೀರಿಯಲ್ ನಂಬರ್. ಪಿ320ರಲ್ಲಿ ಕಾನೂನಿನ ಲೆಕ್ಕಕ್ಕೆ "ಪಿಸ್ತೂಲು" ಎಂದರೆ ಕೈಯಲ್ಲಿ ಹಿಡಿಯುವ ಪ್ಲಾಸ್ಟಿಕ್ ಹಿಡಿಯೂ ಅಲ್ಲ, ಸ್ಲೈಡೂ ಅಲ್ಲ. ಹಿಡಿಯ ಒಳಗೆ ಕೂರುವ, ಟ್ರಿಗರ್ ಮತ್ತು ಸಿಯರ್ ಇರುವ ಸ್ಟೀಲ್ ಚೌಕಟ್ಟು, ಅಂದರೆ ಫೈರ್ ಕಂಟ್ರೋಲ್ ಯೂನಿಟ್. ನಂಬರ್ ಅದರ ಮೇಲಿದೆ. ಹಿಡಿಯ ಬಲಬದಿಯಲ್ಲಿ ಕತ್ತರಿಸಿದ ಪುಟ್ಟ ಕಿಟಕಿಯಿಂದ ಅದು ಕಾಣುತ್ತದೆ. ಬೆಳಕು ಹಿಡಿದು ಓದಿ, ಬರೆದುಕೊಳ್ಳಿ. ಶೂನ್ಯ ಮತ್ತು ಓ ಅಕ್ಷರ ಅದಲುಬದಲಾಗದಂತೆ ನೋಡಿ. ಕಂಪನಿಯ ಜಾಲತಾಣದಲ್ಲಾಗಲಿ ಗ್ರಾಹಕ ಸೇವೆಗೆ ಫೋನ್ ಮಾಡಿಯಾಗಲಿ ಆ ನಂಬರ್ ಕೊಟ್ಟು, ಅಪ್‌ಗ್ರೇಡ್ ಬೇಕಿದೆಯೇ, ಈಗಾಗಲೇ ಆಗಿದೆಯೇ ಎಂದು ಕೇಳಿ.

ಕೊಂಡ ತಾರೀಕನ್ನು ನಂಬಬೇಡಿ. 2018ರಲ್ಲಿ ಹೊಸದಾಗಿ ಕೊಂಡೆ ಎಂದರೆ ಅಂಗಡಿಯವನ ಹಳೆಯ ದಾಸ್ತಾನಿನದ್ದೂ ಆಗಿರಬಹುದು. ಸೆಕೆಂಡ್ ಹ್ಯಾಂಡ್ ಆದರಂತೂ ಹೇಳುವುದೇ ಬೇಡ.

ಎರಡನೆಯದು ಕಣ್ಣಿನ ಪರೀಕ್ಷೆ. ಪಿಸ್ತೂಲನ್ನು ಪಕ್ಕದಿಂದ ನೋಡಿದರೆ ಹಳೆಯ ಟ್ರಿಗರ್ ದಪ್ಪಗೆ, ತುಂಬಿಕೊಂಡಂತೆ ಕಾಣುತ್ತದೆ. ಅಪ್‌ಗ್ರೇಡ್ ಆದದ್ದು ಸ್ಪಷ್ಟವಾಗಿ ತೆಳು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರಿಗೆ ಮತ್ತೆ ಅನುಮಾನ ಬರುವುದಿಲ್ಲ. ಒಂದನ್ನೇ ನೋಡುವವರು ಕಂಪನಿಯ ಚಿತ್ರದ ಜೊತೆ ಹೋಲಿಸಿ. ಆಮೇಲೆ ಪಿಸ್ತೂಲು ಬಿಚ್ಚಿ. ಈ ಮಾದರಿಯ ಒಂದು ಒಳ್ಳೆಯ ಗುಣ, ಬಿಚ್ಚಲು ಟ್ರಿಗರ್ ಎಳೆಯುವ ಅಗತ್ಯವೇ ಇಲ್ಲ. ಮ್ಯಾಗಜೀನ್ ಹೊರಗಿದ್ದು, ಸ್ಲೈಡ್ ಹಿಂದೆ ನಿಂತಿದ್ದರೆ ಮಾತ್ರ ಎಡಬದಿಯ ಬಿಚ್ಚುವ ಲಿವರ್ ತಿರುಗುತ್ತದೆ. ಲಿವರ್ ತಿರುಗಿಸಿ, ಸ್ಲೈಡನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಕ್ಕೆ ಬಿಟ್ಟು ತೆಗೆಯಿರಿ. ಹೊಸ ಸ್ಲೈಡ್‌ನ ಒಳಮೈಯಲ್ಲಿ ಡಿಸ್ಕನೆಕ್ಟರ್‌ಗೆಂದು ಕೊರೆದ ಜಾಗವಿರುತ್ತದೆ. ಹಳೆಯದರಲ್ಲಿ ಅಲ್ಲಿ ಸಪಾಟು ಲೋಹ.

ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಕಲಬೆರಕೆ. ಪಿ320 ಬಿಡಿಭಾಗಗಳನ್ನು ಬದಲಿಸಿಕೊಳ್ಳಲೆಂದೇ ಮಾಡಿದ ಪಿಸ್ತೂಲು. ಒಂದೇ ಚೌಕಟ್ಟಿಗೆ ಬೇರೆ ಹಿಡಿ, ಬೇರೆ ಸ್ಲೈಡ್, ಬೇರೆ ಕ್ಯಾಲಿಬರ್ (ಗುಂಡಿನ ಅಳತೆ) ಹಾಕಬಹುದು. ನಂಬರ್ ಚೌಕಟ್ಟಿನ ಮೇಲಿದೆ, ಆದರೆ ಸ್ಟ್ರೈಕರ್ ಇರುವುದು ಸ್ಲೈಡ್‌ನಲ್ಲಿ. ನಂಬರ್ ಕೊಟ್ಟಾಗ "ಅಪ್‌ಗ್ರೇಡ್ ಆಗಿದೆ" ಎಂದು ಉತ್ತರ ಬಂದರೂ, ಮೇಲೆ ಕೂತ ಸ್ಲೈಡ್ 2016ರಲ್ಲಿ ಬೇರೆಯಾಗಿ ಕೊಂಡ ಕಿಟ್‌ನದ್ದಾಗಿರಬಹುದು. ಹಾಗಾಗಿ ನಂಬರ್, ಟ್ರಿಗರ್, ಸ್ಲೈಡ್‌ನ ಕೊರೆತ ಮೂರೂ ಒಂದೇ ಮಾತು ಹೇಳಬೇಕು. ಒಂದು ಬೇರೆ ಹೇಳಿದರೂ ಪಿಸ್ತೂಲು ಹಳೆಯದೆಂದೇ ಲೆಕ್ಕ. ಹೆಚ್ಚುವರಿ ಸ್ಲೈಡ್ ಕಿಟ್ ಇದ್ದರೆ ಅದನ್ನೂ ಕಂಪನಿಗೆ ಹೇಳಿ, ಪಿಸ್ತೂಲಿನ ಜೊತೆಗೇ ಸರಿಪಡಿಸಿಕೊಳ್ಳಿ.

ಮನೆಯಲ್ಲಿ ಮಾಡಬಾರದ್ದು

ಬೀಳಿಸಿ ನೋಡಬೇಡಿ. "ಖಾಲಿ ಕೋಶಕ್ಕೆ ಪ್ರೈಮರ್ (ಬಡಿದಾಗ ಕಿಡಿ ಹಚ್ಚುವ ಪುಟ್ಟ ಭಾಗ) ಮಾತ್ರ ಹಾಕಿ ಬೀಳಿಸಿದರೆ ಗೊತ್ತಾಗುತ್ತದಲ್ಲ" ಎಂದು ಯಾರಾದರೂ ಹುರಿದುಂಬಿಸಬಹುದು. ಪ್ರಯೋಗಾಲಯದಲ್ಲಿ ಎತ್ತರ, ಕೋನ, ನೆಲ ಎಲ್ಲವನ್ನೂ ಹಿಡಿತದಲ್ಲಿಟ್ಟು, ಮತ್ತೆ ಮತ್ತೆ ಬೀಳಿಸಿ ನೋಡುತ್ತಾರೆ. ಮನೆಯ ಗ್ಯಾರೇಜಿನಲ್ಲಿ ಬೀಳಿಸಿ ಸಿಡಿಯಲಿಲ್ಲ ಎಂದರೆ ಆ ಸಲ ಸಿಡಿಯಲಿಲ್ಲ ಎಂದಷ್ಟೇ. ಸಿಡಿಯದೆ ಇರುವುದರಿಂದ ಏನೂ ಸಾಬೀತಾಗುವುದಿಲ್ಲ, ಬಿದ್ದ ಪೆಟ್ಟಿಗೆ ಬೇರೇನಾದರೂ ಬಾಗಿ ಹೊಸ ದೋಷ ಸೇರಿಕೊಳ್ಳುವುದು ಮಾತ್ರ ಖಚಿತ ಅಪಾಯ.

ಹಗುರ ಟ್ರಿಗರ್ ತರಿಸಿ ನೀವೇ ಹಾಕಿಕೊಂಡು ಕೆಲಸ ಮುಗಿಯಿತು ಅನ್ನಬೇಡಿ. ಹೊರಗಿನ ಕಂಪನಿಗಳ ಚೆಂದದ ಟ್ರಿಗರ್‌ಗಳು ಸಿಗುತ್ತವೆ ನಿಜ. ಆದರೆ ಅಪ್‌ಗ್ರೇಡ್‌ನಲ್ಲಿ ಬದಲಾಗುವುದು ಟ್ರಿಗರ್ ಒಂದೇ ಅಲ್ಲ, ಸ್ಲೈಡನ್ನು ಯಂತ್ರದಲ್ಲಿ ಕೊರೆಯಬೇಕು, ಸಿಯರ್ ಮತ್ತು ಸ್ಟ್ರೈಕರ್ ಒಂದಕ್ಕೊಂದು ಕಚ್ಚುವ ಮುಖಗಳು ಹೊಂದಬೇಕು. ಆ ಮುಖಗಳಿಗೆ ಅರ ಹಾಕುವುದು, ಪಾಲಿಶ್ ಮಾಡುವುದು ಬೀಳದೆಯೂ ಸಿಡಿಯುವ ಪಿಸ್ತೂಲನ್ನು ತಯಾರಿಸುವ ದಾರಿ. ಈಗಾಗಲೇ ಹೊರಗಿನ ಟ್ರಿಗರ್ ಹಾಕಿದ್ದರೆ ಕಳಿಸುವ ಮುಂಚೆ ಕಂಪನಿಗೆ ತಿಳಿಸಿ. ಅವರು ತಮ್ಮ ಭಾಗಗಳಿಗಷ್ಟೇ ಹೊಣೆ ಹೊರುತ್ತಾರೆ.

ಕಳಿಸುವುದು

ಅಮೆರಿಕದ ಫೆಡರಲ್ (ಕೇಂದ್ರ) ಕಾನೂನಿನ ಪ್ರಕಾರ ಮಾಲೀಕನು ದುರಸ್ತಿಗೆಂದು ಪಿಸ್ತೂಲನ್ನು ನೇರವಾಗಿ ಪರವಾನಗಿ ಇರುವ ತಯಾರಕರಿಗೆ ಕಳಿಸಬಹುದು, ಅವರೂ ನೇರವಾಗಿ ಮಾಲೀಕನ ವಿಳಾಸಕ್ಕೇ ವಾಪಸ್ ಕಳಿಸಬಹುದು. ಅಂಗಡಿಯ ಮೂಲಕ ಹೋಗಬೇಕಿಲ್ಲ, ಹೊಸದಾಗಿ ಹಿನ್ನೆಲೆ ತಪಾಸಣೆಯೂ ಬೇಕಿಲ್ಲ. ಕೆಲವು ರಾಜ್ಯ, ನಗರಗಳಲ್ಲಿ ಹೆಚ್ಚುವರಿ ನಿಯಮಗಳಿವೆ. ಫೋನ್ ಮಾಡಿದಾಗಲೇ ನಿಮ್ಮ ಊರಿನ ಹೆಸರು ಹೇಳಿ ಕೇಳಿಬಿಡಿ.

ಅಮೆರಿಕದಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿಯಂಥ ವಲಸೆಯೇತರ ವೀಸಾ ಮೇಲೆ ಇರುವವರು ಬೇಟೆಯ ಪರವಾನಗಿಯಂಥ ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಪಿಸ್ತೂಲು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವ ಗೆಳೆಯರ ಪಿಸ್ತೂಲನ್ನು "ನಾನೇ ಕೊರಿಯರ್‌ಗೆ ಕೊಟ್ಟು ಬರ್ತೀನಿ ಬಿಡು" ಎಂದು ಕೈಗೆ ತೆಗೆದುಕೊಳ್ಳಬೇಡಿ. ಉಪಕಾರ ಮಾಡಲು ಹೋಗಿ ವೀಸಾ ಕಳೆದುಕೊಳ್ಳುವ ಪ್ರಸಂಗ ಬೇಡ.

ಡಬ್ಬಿ, ಲೇಬಲ್ ಕಂಪನಿಯಿಂದಲೇ ತರಿಸಿಕೊಳ್ಳಿ. ದೊಡ್ಡ ಕೊರಿಯರ್ ಕಂಪನಿಗಳು ಸಾಮಾನ್ಯ ಗ್ರಾಹಕ ತಾನೇ ಪ್ಯಾಕ್ ಮಾಡಿ ತಂದ ಪಿಸ್ತೂಲನ್ನು ತೆಗೆದುಕೊಳ್ಳುವುದಿಲ್ಲ. ತಯಾರಕರು ಹಣ ಕಟ್ಟಿ ಕಳಿಸಿದ ಲೇಬಲ್ ಇದ್ದರೆ ದಾರಿ ಸುಗಮ, ಪಾರ್ಸೆಲ್ ಎಲ್ಲಿದೆ ಎಂಬ ದಾಖಲೆಯೂ ಉಳಿಯುತ್ತದೆ.

ಪ್ಯಾಕ್ ಮಾಡುವ ಮುಂಚೆ ಇನ್ನೊಮ್ಮೆ ಖಾಲಿ ಇದೆಯೇ ನೋಡಿ. ಮ್ಯಾಗಜೀನ್, ಹೋಲ್‌ಸ್ಟರ್, ಟಾರ್ಚ್, ಮೇಲೆ ಕೂರಿಸಿದ ದೃಷ್ಟಿ ಉಪಕರಣ ಏನಿದ್ದರೂ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಒಂದೇ ಒಂದು ಗುಂಡೂ ಆ ಡಬ್ಬಿಯಲ್ಲಿ ಇರಬಾರದು. ಎರಡೂ ಬದಿಯ ಫೋಟೊ, ಸೀರಿಯಲ್ ನಂಬರಿನ ಹತ್ತಿರದ ಫೋಟೊ, ಈಗಾಗಲೇ ಇರುವ ಗೀರುಗಳ ಫೋಟೊ ತೆಗೆದಿಡಿ. ಒಂದು ಹಾಳೆಯಲ್ಲಿ ಹೆಸರು, ವಿಳಾಸ, ಫೋನ್, ಸೀರಿಯಲ್ ನಂಬರ್, ಏನು ಕೆಲಸ ಆಗಬೇಕು ಎಂದು ಬರೆದು ಒಳಗಿಡಿ. ಡಬ್ಬಿಯ ಹೊರಗೆ ಒಳಗಿರುವುದು ಪಿಸ್ತೂಲು ಎಂದು ಗೊತ್ತಾಗುವ ಯಾವ ಬರಹವೂ ಇರಬಾರದು, ಹಳೆಯ ಬ್ರ್ಯಾಂಡಿನ ಸ್ಟಿಕ್ಕರ್ ಇದ್ದರೆ ಕಿತ್ತುಹಾಕಿ. ಕೌಂಟರಿನಲ್ಲಿ ಕೈಯಾರೆ ಕೊಟ್ಟು ರಸೀದಿ ಪಡೆಯಿರಿ, ಬೀದಿಯ ಡ್ರಾಪ್ ಬಾಕ್ಸಿಗೆ ಹಾಕಿ ಬರಬೇಡಿ. ವಾಪಸ್ ಬರುವ ದಿನ ವಯಸ್ಕರೊಬ್ಬರು ಸಹಿ ಹಾಕಿ ತೆಗೆದುಕೊಳ್ಳಬೇಕಾಗುತ್ತದೆ.

ಬಂದ ಮೇಲೆ

ಡಬ್ಬಿ ತೆರೆದ ಕೂಡಲೇ ಮೊದಲಿನ ಕ್ರಮದಲ್ಲೇ ಖಾಲಿ ಇದೆಯೇ ನೋಡಿ. ಕಾರ್ಖಾನೆಯಿಂದ ಬಂದಿದೆ ಎಂಬ ಕಾರಣಕ್ಕೆ ಆ ಹೆಜ್ಜೆ ಬಿಡಬೇಡಿ. ನಂಬರ್ ಫೋಟೊದಲ್ಲಿದ್ದದ್ದೇ ಹೌದೇ, ಟ್ರಿಗರ್ ತೆಳುವಾಗಿದೆಯೇ, ಸ್ಲೈಡ್‌ನಲ್ಲಿ ಕೊರೆತ ಬಂದಿದೆಯೇ ನೋಡಿ. ಕೆಲಸದ ವಿವರವಿರುವ ಕಾಗದ ಜೊತೆಗಿದ್ದರೆ ಜೋಪಾನವಾಗಿಡಿ, ಇಲ್ಲದಿದ್ದರೆ ಇಮೇಲ್‌ನಲ್ಲಾದರೂ ತರಿಸಿಕೊಳ್ಳಿ.

ಆಮೇಲೆ ಖಾಲಿ ಪಿಸ್ತೂಲಿನಲ್ಲಿ ಚಲನೆಯ ಪರೀಕ್ಷೆ. ಸುರಕ್ಷಿತ ದಿಕ್ಕಿಗೆ ಹಿಡಿದು ಟ್ರಿಗರ್ ಎಳೆಯಿರಿ, ಸ್ಟ್ರೈಕರ್ ಬಿದ್ದ ಸದ್ದು ಕೇಳಬೇಕು. ಟ್ರಿಗರನ್ನು ಹಿಂದೆಯೇ ಹಿಡಿದುಕೊಂಡು ಸ್ಲೈಡ್ ಪೂರ್ತಿ ಎಳೆದು ಬಿಡಿ. ಈಗ ಸ್ಟ್ರೈಕರ್ ಬೀಳಬಾರದು. ನಿಧಾನವಾಗಿ ಟ್ರಿಗರನ್ನು ಮುಂದಕ್ಕೆ ಬಿಟ್ಟರೆ ಕ್ಲಿಕ್ ಎಂದು ಮರಳಿ ಕೂರಬೇಕು, ಮತ್ತೆ ಎಳೆದರೆ ಮತ್ತೆ ಬೀಳಬೇಕು. ಕೊನೆಗೆ, ಸ್ಟ್ರೈಕರ್ ಸಜ್ಜಾಗಿರುವಾಗ ಸ್ಲೈಡನ್ನು ಕೈಯಿಂದ ಸ್ವಲ್ಪ ಹಿಂದಕ್ಕೆ ಸರಿಸಿ ಹಿಡಿದು ಟ್ರಿಗರ್ ಎಳೆಯಿರಿ. ಸ್ಟ್ರೈಕರ್ ಬೀಳಬಾರದು. ಡಿಸ್ಕನೆಕ್ಟರ್ ಕೆಲಸ ಮಾಡುತ್ತಿದೆ ಎಂಬುದಕ್ಕೆ ಇದೇ ಗುರುತು. ಇದರಲ್ಲಿ ಯಾವುದಾದರೂ ಒಂದು ತಪ್ಪಿದರೂ ಗುಂಡು ತುಂಬುವ ಮಾತೇ ಇಲ್ಲ, ಮತ್ತೆ ಕಂಪನಿಗೆ ಫೋನ್.

ಅಪ್‌ಗ್ರೇಡ್ ಆದ ಪಿಸ್ತೂಲಿನ ಬಗ್ಗೆ ಬರುವ ಕೆಲವು ದೂರುಗಳಿಗೆ ಕಾರಣ ಸರಳ. ಟ್ರಿಗರ್ ಮರಳುವಾಗ ಮುಂಚೆ ಒಂದೇ ಕ್ಲಿಕ್ ಇತ್ತು, ಈಗ ಎರಡು ಕೇಳಿಸುತ್ತದೆ ಎಂದು ಹಲವರು ಗಾಬರಿಯಾಗುತ್ತಾರೆ. ಹೊಸ ಡಿಸ್ಕನೆಕ್ಟರ್ ತನ್ನ ಜಾಗಕ್ಕೆ ಬರುವ ಸದ್ದೂ ಅದರಲ್ಲಿ ಸೇರಿರುತ್ತದೆ. ಮೇಲಿನ ಪರೀಕ್ಷೆ ಪಾಸಾಗಿದ್ದರೆ ಅದರಿಂದ ತೊಂದರೆಯಿಲ್ಲ. ಟ್ರಿಗರ್ ಎಳೆದರೂ ಏನೂ ಆಗುತ್ತಿಲ್ಲ ಎಂದಾದರೆ ಮೊದಲು ಸ್ಲೈಡ್ ನೋಡಿ. ಬದಲಿ ಕಿಟ್‌ನ ಹಳೆಯ ಸ್ಲೈಡ್ ಹಾಕಿದ್ದೀರಾ? ಅದರಲ್ಲಿ ಡಿಸ್ಕನೆಕ್ಟರ್‌ಗೆ ಜಾಗ ಇಲ್ಲ. ಸ್ಲೈಡ್ ಕೂರುತ್ತಲೇ ಇಲ್ಲ ಎಂದರೆ ಬಿಚ್ಚುವ ಲಿವರ್ ಪೂರ್ತಿ ತಿರುಗಿದೆಯೇ ನೋಡಿ, ಒತ್ತಾಯ ಮಾಡಬೇಡಿ. ಗುರಿ ತಪ್ಪುತ್ತಿದೆ ಎಂದರೆ ಬಿಚ್ಚಿ ಮತ್ತೆ ಕೂರಿಸಿದ ದೃಷ್ಟಿ ಉಪಕರಣವನ್ನು ಮೊದಲು ಅನುಮಾನಿಸಿ.

ಖಾಲಿ ಕೋಶದ ಜೊತೆ ಹಾರಿಸದ ಗುಂಡೂ ಹೊರಬಿದ್ದರೆ ಅದು ಬೇರೆಯೇ ತೊಂದರೆ. ಸೇನೆಯ ಪರೀಕ್ಷೆಯಲ್ಲೂ ಇದು ಕಂಡಿತ್ತು, ಆ ವರದಿಯಲ್ಲೇ ಬರೆದಿದೆ. ಬೇರೆ ಬಗೆಯ ಗುಂಡು, ಬೇರೆ ಮ್ಯಾಗಜೀನ್ ಹಾಕಿ ನೋಡಿ. ಬೀಳುವ ದೋಷಕ್ಕೂ ಇದಕ್ಕೂ ಗಂಟು ಹಾಕಬೇಡಿ.

ರೇಂಜಿಗೆ ಹೋದ ಮೊದಲ ದಿನ ಮ್ಯಾಗಜೀನ್ ತುಂಬ ಗುಂಡು ಹಾಕಬೇಡಿ. ಮೊದಲು ಒಂದು, ಆಮೇಲೆ ಎರಡು. ಎರಡರಲ್ಲಿ ಒಂದು ಸಲ ಟ್ರಿಗರ್ ಎಳೆದರೆ ಒಂದೇ ಹಾರಬೇಕು. ಅಷ್ಟು ಖಾತ್ರಿಯಾದ ಮೇಲೆ ಮಾಮೂಲಿನಂತೆ ನಡೆಸಿ.

ಈ ಅಪ್‌ಗ್ರೇಡ್ ಏನನ್ನು ಸರಿಪಡಿಸಿಲ್ಲ

ಇದನ್ನು ಮುಚ್ಚಿಡುವುದು ಸರಿಯಲ್ಲ. ಬೀಳದೆಯೂ, ಹೋಲ್‌ಸ್ಟರ್‌ನಲ್ಲಿ ಇರುವಾಗಲೇ ಪಿ320 ಸಿಡಿಯಿತು ಎಂಬ ಮೊಕದ್ದಮೆಗಳು 2017ರ ನಂತರವೂ ಬಂದಿವೆ. 2024ರಲ್ಲಿ ಜಾರ್ಜಿಯಾದಲ್ಲೂ ಫಿಲಡೆಲ್ಫಿಯಾದಲ್ಲೂ ಜೂರಿಗಳು ಕಂಪನಿಯ ವಿರುದ್ಧ ತೀರ್ಪು ಕೊಟ್ಟವು. ಟ್ರಿಗರ್ ಎಳೆಯದೆ ಪಿ320 ಸಿಡಿಯುವುದಿಲ್ಲ ಎಂಬುದು ಕಂಪನಿಯ ನಿಲುವು. 2025ರ ಜುಲೈನಲ್ಲಿ ವಯೋಮಿಂಗ್‌ನ ಎಫ್. ಇ. ವಾರೆನ್ ವಾಯುನೆಲೆಯಲ್ಲಿ ಎಂ18ರಿಂದ ಒಬ್ಬ ವಾಯುಸೈನಿಕ ಸತ್ತಾಗ ಅಲ್ಲಿನ ವಾಯುಪಡೆಯ ಒಂದು ಕಮಾಂಡ್ ಅದರ ಬಳಕೆ ನಿಲ್ಲಿಸಿ, ಪಿಸ್ತೂಲುಗಳನ್ನು ಪರಿಶೀಲಿಸಿ, ಆಗಸ್ಟ್‌ನಲ್ಲಿ ಮತ್ತೆ ಬಳಕೆಗೆ ತಂದಿತು. ಆ ಸಾವಿನ ಸಂಬಂಧ ಇನ್ನೊಬ್ಬ ವಾಯುಸೈನಿಕನನ್ನು ಬಂಧಿಸಲಾಯಿತು. ಆ ವಾದ ಏನಾದರೂ ಆಗಲಿ, ಬಿದ್ದಾಗ ಸಿಡಿಯುವ ದೋಷ ಬೇರೆ, ಅದಕ್ಕೆ ಗೊತ್ತಿರುವ ಪರಿಹಾರ ಇದೆ. ಅಪ್‌ಗ್ರೇಡ್ ಮಾಡಿಸಿದವರು ಹೋಲ್‌ಸ್ಟರ್ ವಿಷಯದಲ್ಲೂ ಜಿಪುಣತನ ಮಾಡಬೇಡಿ. ಟ್ರಿಗರನ್ನು ಪೂರ್ತಿ ಮುಚ್ಚುವ, ಗಟ್ಟಿಯಾದ, ಈ ಮಾದರಿಗೆಂದೇ ಮಾಡಿದ ಹೋಲ್‌ಸ್ಟರ್ ಬಿಟ್ಟು ಬೇರೆಯದರಲ್ಲಿ, ಅದರಲ್ಲೂ ಬರಿಯ ಜೇಬಿನಲ್ಲಿ, ಇದನ್ನು ಇಟ್ಟುಕೊಂಡು ಓಡಾಡಬೇಡಿ.

ತಯಾರಕರಿಗೆ ವಾಪಸ್ ಕಳಿಸುವುದು ಅವಮಾನ ಎಂದು ಭಾವಿಸುವವರನ್ನು ಕಂಡಿದ್ದೇನೆ. 1973ಕ್ಕೆ ಮುಂಚಿನ ರೂಗರ್ ರಿವಾಲ್ವರುಗಳಲ್ಲಿ ಹ್ಯಾಮರ್ ಕೆಳಗೆ ಗುಂಡಿದ್ದು ಪೆಟ್ಟು ಬಿದ್ದರೆ ಸಿಡಿಯುವ ಅಪಾಯವಿತ್ತು. ಆ ಕಂಪನಿ ಹಣ ತೆಗೆದುಕೊಳ್ಳದೆ ಹೊಸ ಸುರಕ್ಷಾ ಭಾಗ ಹಾಕಿಕೊಟ್ಟು, ತೆಗೆದ ಹಳೆಯ ಭಾಗಗಳನ್ನೂ ಮಾಲೀಕರಿಗೇ ವಾಪಸ್ ಕೊಡುತ್ತ ಬಂದಿದೆ. ಗ್ಲಾಕ್ 1990ರ ದಶಕದ ಆರಂಭದಲ್ಲಿ, ಸ್ಪ್ರಿಂಗ್‌ಫೀಲ್ಡ್ ತನ್ನ ಎಕ್ಸ್‌ಡಿ-ಎಸ್‌ಗೆ 2013ರಲ್ಲಿ ಇದೇ ರೀತಿ ಭಾಗ ಬದಲಿಸಿಕೊಟ್ಟವು.

ಹಳೆಯ ಪಿ320 ಕೊಳ್ಳುವವರು ಹಣ ಕೊಡುವ ಮುಂಚೆ ಸೀರಿಯಲ್ ನಂಬರ್ ಕೇಳಿ ಪಡೆದು, ಕಂಪನಿಯಲ್ಲಿ ವಿಚಾರಿಸಿ, ಸ್ಲೈಡ್ ಬಿಚ್ಚಿಸಿ ಕೊರೆತ ನೋಡಿ. ಮಾರುವವರು ಅಪ್‌ಗ್ರೇಡ್‌ನ ಕಾಗದವನ್ನು ಪಿಸ್ತೂಲಿನ ಜೊತೆಗೇ ಕೊಡಿ. ಅಪ್‌ಗ್ರೇಡ್ ಆಗದ್ದನ್ನು ಮಾರುವುದಾದರೆ ಮೊದಲು ಕಳಿಸಿ ಮಾಡಿಸಿ, ಆಮೇಲೆ ಮಾರಿ.